ಮೂಲೆಯಿಲ್ಲದ ಅಕ್ಷರ

ಶನಿವಾರ ಬೆಳಿಗ್ಗೆ ಮೊದಲು ಫೋಟೊ ಬಂತು, ಆಮೇಲೆ ಸಿಟ್ಟು ಬಂತು. ಮಧ್ಯಾಹ್ನದ ಹೊತ್ತಿಗೆ ಮೇಘನಾ ಹಿಂದೂಪುರದಿಂದ ಹೊರಟು ಕಲ್ಯಾಣದುರ್ಗದಲ್ಲಿ ಬಸ್ಸಿಳಿದಿದ್ದಳು. ವರ್ಷದಿಂದ ಫೋನಿನಲ್ಲಷ್ಟೇ ಪರಿಚಯವಿದ್ದ ಓಬುಳೇಶನನ್ನು ಮುಖಾಮುಖಿ ಕಂಡದ್ದು ಅದಾದ ನಂತರ, ಬದುಕಿನಲ್ಲಿ ಮೊದಲ ಸಲ.

ಅವನು ತನ್ನ ಫ್ಲೆಕ್ಸ್ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮರದ ರೀಪರ್ ಪಟ್ಟಿಗಳ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ.

“ನೀವೇನಾ ಓಬುಳೇಶು?”

ಧ್ವನಿಯಿಂದಲೇ ಗುರುತು ಹಿಡಿದ. “ಮೇಡಂ... ನೀವು, ಇಲ್ಲಿಗೆ?”

ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು. ಗೆಳತಿ ಸುಷ್ಮಾ ಕಲ್ಯಾಣದುರ್ಗದ ಸರ್ಕಲ್‌ನಲ್ಲಿ ತೆಗೆದು ಹಾಕಿದ್ದ ಸ್ಟೇಟಸ್ಸು ಅದು. ಮುಂದೆ ಆಟೊ, ಅದರ ಹಿಂದೆ ಅರ್ಧ ಮರೆಯಾದ ಫ್ಲೆಕ್ಸು. ಮೇಲ್ಭಾಗದಲ್ಲಿ ‘ಶ್ರದ್ಧಾಂಜಲಿ’!

ಅವು ಅವಳ ಅಕ್ಷರಗಳು. ದಪ್ಪ, ದುಂಡು, ಎಲ್ಲಿಯೂ ಮೂಲೆಯಿಲ್ಲದವು. ಐಸ್‌ಕ್ರೀಮ್ ಗಾಡಿಗೂ ಅಂಗನವಾಡಿ ಗೋಡೆಗೂ ಒಪ್ಪಲೆಂದು ತಿದ್ದಿ ತಿದ್ದಿ ಮಾಡಿದ ಫಾಂಟು, ಹೆಸರು ‘ಬೋಂಡಾ’. ದೊಡ್ಡ ಅಳತೆಯಲ್ಲಿ ಹೇಗೆ ಕಾಣುತ್ತದೆಂದು ಪರೀಕ್ಷಿಸಲು ಅವಳು ಅದನ್ನು ಕೊಟ್ಟದ್ದು ಓಬುಳೇಶನೊಬ್ಬನಿಗೇ. ಬೆಂಗಳೂರಿನ ಕಂಪನಿಯೊಂದು ಫಾಂಟನ್ನು ಹೊರತರಲು ಒಪ್ಪಿತ್ತು. ಷರತ್ತು ಒಂದೇ: ಅದಕ್ಕೆ ಮುಂಚೆ ಎಲ್ಲಿಯೂ ಬಳಕೆಯಾಗಿರಬಾರದು.

“ಪ್ರಿಂಟ್ ತೆಗೆದು, ಫೋಟೊ ಕಳಿಸಿ, ಹರಿದು ಹಾಕ್ತೀನಿ ಅಂದಿದ್ರಿ. ಅಂದಿದ್ರೋ ಇಲ್ವೋ?”

“ಅಂದಿದ್ದೆ.”

“ಸರ್ಕಲ್‌ನಾಗೆ ಕಟ್ಟಿದ್ದೀರ. ಅದೂ ಸಾವಿನ ಫ್ಲೆಕ್ಸು. ನಗೋ ಮಕ್ಕಳಿಗೆ ಅಂತ ಬರೆದ ಅಕ್ಷರ ಕಣ್ರೀ ಅದು. ಸತ್ತೋರ ಮನೆಯೋರು ಉಗೀಲಿಲ್ವಾ?”

ಪಕ್ಕದ ಟೀ ಅಂಗಡಿಯ ನಾರಮ್ಮ ಲೋಟ ತೊಳೆಯುವುದನ್ನು ನಿಲ್ಲಿಸಿದಳು. “ಏನ್ಲಾ ಓಬುಳೇಸ, ಅಮ್ಮಾಯಿ ಹಿಂಗೆ ಬೈತಾ ಅವ್ಳೆ, ಬಾಯಿ ಬಿಡಾಕಿಲ್ವಾ?”

“ನೀ ಸುಮ್ಕಿರಕ್ಕಾ.”

“ಯಾಕಿರ್ಲಿ? ಅದು ಇವ್ನಮ್ಮಂದು ಕಣಮ್ಮಾ, ಪಾಪಕ್ಕಂದು. ಹೋದ ವಾರ ಹೋಗ್ಬುಟ್ಲು.”

ಮೇಘನಾ ಫೋನನ್ನು ಕೆಳಗಿಳಿಸಿದಳು. ಸಿಟ್ಟು ಮಾತ್ರ ಇನ್ನಷ್ಟು ಏರಿತು.

‘ವರ್ಷವಿಡೀ ಫೋನಿನಲ್ಲಿ ದಿನವೂ ಮಾತಾಡಿದ್ದೇವೆ, ಕೆಲಸದ ಮಾತು ಮುಗಿದ ಮೇಲೂ ಫೋನಿಡಲು ಇಬ್ಬರಿಗೂ ಮನಸ್ಸಾಗುತ್ತಿರಲಿಲ್ಲ. ಇಷ್ಟು ದೊಡ್ಡ ವಿಷಯ... ನಾನು ಇವನಿಗೆ ಯಾರೂ ಅಲ್ಲವೇ?’

“ನನಗೆ ಯಾಕೆ ಹೇಳ್ಲಿಲ್ಲ?”

“ಫೋನ್ ಮಾಡ್ದೆ ಮೇಡಂ. ನೀವು ಎತ್ಲಿಲ್ಲ. ಈ ತಿಂಗ್ಳು ಫಾಂಟ್ ಮುಗಿಯೋಗಂಟ ಮಾಡ್ಬೇಡಿ ಅಂದಿದ್ರಲ್ಲ.”

ಅದು ನಿಜವಾಗಿತ್ತು. ಅದಕ್ಕೂ ಸಿಟ್ಟು ಬಂತು, ಈ ಸಲ ತನ್ನ ಮೇಲೆಯೇ.

ಅವನು ಸುತ್ತಿಗೆ ಕೆಳಗಿಟ್ಟ. “ನಮ್ಮ ಸಿಸ್ಟಮ್ಮಿನಾಗೆ ಇರೋ ಫಾಂಟೆಲ್ಲಾ ಹಾಕಿ ನೋಡ್ದೆ. ಎಲ್ಲಾ ಚೂಪು. ನಮ್ಮಮ್ಮ ಹಂಗಿರ್ಲಿಲ್ಲ. ದಪ್ಪಗಿದ್ಲು, ಮಾತು ಮಾತಿಗೂ ನಗ್ತಿದ್ಲು. ನಿಮ್ಮ ಅಕ್ಷರದಾಗೆ ಹಾಕಿದ್ಮೇಲೇ ಅವ್ಳ ಹೆಸರು ಅವ್ಳ ಥರ ಕಾಣಿಸ್ತು. ತಪ್ಪಾಯ್ತು... ಈಗ್ಲೇ ಇಳಿಸ್ಬುಟ್ಟು ಬತ್ತೀನಿ.”

ಏಣಿಗೆ ಕೈ ಹಾಕಿದವನ ತೋಳನ್ನು ಅವಳು ಹಿಡಿದು ನಿಲ್ಲಿಸಿದಳು.

“ಮುಟ್ಟಬೇಡ ಅದನ್ನ.”

“ನಿಮ್ಮ ಕಂಪನಿ?”

“ಬಳಕೆ ಆಗೋಗಿದೆ ಅಂತ ನಾನೇ ಹೇಳ್ತೀನಿ. ಬೇಡ ಅಂದ್ರೆ ಬಿಡ್ಲಿ. ಇನ್ಮೇಲೆ ನಾನು ಫೋನ್ ಎತ್ಲಿಲ್ಲ ಅಂದ್ರೆ ಸುಮ್ಮನೆ ಕೂತ್ಕೋಬೇಡ. ಹಿಂದೂಪುರಕ್ಕೆ ಬಂದು ಬಾಗಿಲು ಬಡಿ.”

“ಯಾರಪ್ಪಾ ನೀನು ಅಂತ ನಿಮ್ಮ ಮನೆಯೋರು ಕೇಳಿದ್ರೆ?”

“ಮೇಘನಾನ ಮದುವೆ ಆಗೋನು ಅನ್ನು.”

ಓಬುಳೇಶ ಏಣಿಯಿಂದ ಕೈ ತೆಗೆದ. “ಸಿಟ್ಟು ಹೋಯ್ತಾ?”

“ಇಲ್ಲ.”

“ಹಂಗಾದ್ರೂ ಬತ್ತೀನಿ.”

ಅವಳ ಸಿಟ್ಟು ಹಾಗೆಯೇ ಇತ್ತು. ಅವನ ತೋಳನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.