ಬೆಳ್ಳಿ ಲೋಟದ ಪಾನಕ

ಬೈಗುಳವಾಗಿದ್ದರೆ ನೀಲಾಂಬಿಕ ಮರೆತುಬಿಡುತ್ತಿದ್ದಳು. ಅದು ಹೊಗಳಿಕೆಯಾಗಿತ್ತು. ಅದಕ್ಕೇ ಕಾಲಿಗೆ ಹೊಕ್ಕ ಜಾಲಿಮುಳ್ಳಿನ ತುದಿಯಂತೆ ಒಳಗೇ ಮುರಿದು ಉಳಿದುಕೊಂಡಿತು.

ಹೊಗಳಿದವರು ಆನವಟ್ಟಿಯ ಬೆನಕಪ್ಪ, ಮೆಕ್ಕೆಜೋಳದ ವ್ಯಾಪಾರಿ, ಗಂಡ ಚಂದ್ರಶೇಖರನ ಆಪ್ತ ಸ್ನೇಹಿತರು. ಶಿಕಾರಿಪುರದ ಇವರ ಮನೆಯ ಮಹಡಿಯ ಮೇಲೆ ಸಂಜೆ ಐದಕ್ಕೇ ಕಿಟಕಿ ಪರದೆ ಎಳೆದು ಕೂತಿದ್ದರು. ಅವಳು ಬೆರೆಸಿ ಕೊಟ್ಟ ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿ, ಒಂದು ಗುಟುಕು ಹೀರಿ, ಕಣ್ಣು ಮುಚ್ಚಿದರು.

"ಏನ್ ಕೈಗುಣ ರೀ ಇವ್ರದ್ದು! ಚಂದ್ರಣ್ಣ, ಬಸ್ ಸ್ಟ್ಯಾಂಡ್ ಹತ್ರ ಒಂದು ಬಾರ್ ತೆಗ್ದು ಇವ್ರನ್ನ ಕೂರಿಸ್ಬಿಡು. ಸಿಮೆಂಟ್ ಮಾರೋದೇ ಬ್ಯಾಡ ನೀನು."

ಐಸಿನ ತಟ್ಟೆ ಹಿಡಿದು ನಿಂತಿದ್ದ ನೀಲಾಂಬಿಕ ಗಂಡನ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಹುಬ್ಬು ಗಂಟಿಕ್ಕಿದ್ದರೂ ಸಾಕಿತ್ತು. ಚಂದ್ರಶೇಖರ ತೊಡೆ ತಟ್ಟಿ ನಕ್ಕ.

"ಸಂಬಳ ಕೊಡಕ್ಕಾಗಲ್ಲ ಅಂತಾನೇ ಅಲ್ಲೇನಪ್ಪ, ಮದ್ವೆ ಆಗಿದ್ದು!"

ಆ ನಗುವಿನ ಹಿಂದೆಯೇ ಅವಳೂ ಮೆಟ್ಟಿಲಿಳಿದಳು. ಹಿತ್ತಲಿಗೆ ಹೋಗಿ ಕೈ ತೊಳೆದಳು. ಸೀಗೆಪುಡಿ ಹಾಕಿ ತೊಳೆದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಬೆಳಗಾದರೆ ಇದೇ ಅಂಗೈಯ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡಬೇಕು. ಎಷ್ಟು ವಿಭೂತಿ ಹಚ್ಚಿದರೂ ಬೆರಳ ಸಂದಿಯಿಂದ ರಮ್ಮಿನ ಕಮಟು ಎದ್ದು ಬರುತ್ತದೆಂದೇ ಅವಳಿಗೆ ಅನಿಸುತ್ತಿತ್ತು. ಲಿಂಗವನ್ನು ಕಣ್ಣೆತ್ತಿ ನೋಡುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಕಣ್ಣು ಮುಚ್ಚಿಯೇ ಪೂಜೆ ಮುಗಿಸುತ್ತಿದ್ದಳು. ಅತ್ತೆ ಲೋಕಮ್ಮ ಅದನ್ನು ಭಕ್ತಿ ಎಂದುಕೊಂಡು ನೆರೆಯವರ ಮುಂದೆ ಕೊಂಡಾಡುತ್ತಿದ್ದರು.

ಎರಡು ವರ್ಷದ ಹಿಂದೆ, ತೊಂಬತ್ತೆರಡರಲ್ಲಿ, ಚಂದ್ರಶೇಖರ ಗೋವಾಕ್ಕೆ ಹೋಗಿಬಂದವನು ಮನೆಯಲ್ಲೇ ಒಂದು ಬಾರು ಬೇಕೆಂದು ಹಟ ಹಿಡಿದಿದ್ದ. ಬಡಗಿ ಅಜಮತ್ ಉಲ್ಲಾ ಸಾಬರನ್ನು ಕರೆಸಿ, ಗ್ರಂಥಗಳಿಗೊಂದು ಬೀರು ಎಂದು ಹೇಳಿ ಮಾಡಿಸಿದ. ಮುಂದಿನ ಸಾಲಿನಲ್ಲಿ ವಚನ ಸಂಪುಟಗಳು. ಆ ಸಾಲು ಬಾಗಿಲಿನ ಹಾಗೆ ತೆರೆದುಕೊಂಡರೆ ಹಿಂದೆ ಕನ್ನಡಿ, ಕನ್ನಡಿಯ ಮುಂದೆ ಬಾಟಲಿ, ಮೇಲೆ ತಲೆಕೆಳಗಾಗಿ ತೂಗುವ ಗ್ಲಾಸು. "ಪುಸ್ತಕದ ಬೀರುಗೆ ಲೋಟ ನೇತುಹಾಕೋ ಕಂಬಿ ಯಾಕ್ರೀ ಸಾಹುಕಾರ್ರೇ?" ಎಂದು ಸಾಬರು ಕೇಳಿದ್ದರಂತೆ. "ಓದ್ತಾ ಓದ್ತಾ ನೀರಡಿಕೆ ಆಗುತ್ತಲ್ಲ" ಎಂದಿದ್ದನಂತೆ ಇವನು. ಸಾಬರು ಉಳಿ ಕೆಳಗಿಟ್ಟು ಅವನ ಮುಖವನ್ನೊಮ್ಮೆ ನೋಡಿ, ಕಂಬಿ ಕೂರಿಸಿ, ಕೆಲಸ ಮುಗಿಸಿಕೊಟ್ಟು ಹೋದರು.

ಗುಟ್ಟು ಬೇಕೇ ಬೇಕಿತ್ತು. ಚಂದ್ರಶೇಖರ ಊರಿನ ವ್ಯಸನಮುಕ್ತ ಸಮಿತಿಯ ಅಧ್ಯಕ್ಷ. ಕುಡಿತದ ಕೇಡಿನ ಮೇಲೆ ಅವನು ಭಾಷಣ ಮಾಡಿದರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕೆಲಸದವರ ಕೈಗೆ ಬಾಟಲಿ ಕೊಟ್ಟರೆ ಸಂತೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ. ಹಾಗಾಗಿ ಹೆಂಡತಿ ಕಲಿತಳು. ಜಿನ್ನಿಗೆ ನಿಂಬೆ, ರಮ್ಮಿಗೆ ಕೋಲಾ, ವೋಡ್ಕಾಕ್ಕೆ ಮೋಸಂಬಿ. ಗ್ಲಾಸಿನ ಅಂಚಿಗೆ ನಿಂಬೆ ಸವರಿ ಸಕ್ಕರೆಯಲ್ಲಿ ಹೊರಳಿಸುವುದು. ಕರೆಂಟು ಹೋಗುವ ಮೊದಲೇ ಐಸು ತೆಗೆದು ಹೊಟ್ಟಿನಲ್ಲಿ ಹುಗಿದಿಡುವುದು. ಸೋಡಾ ಯಾವಾಗ ಮುಗಿಯುತ್ತದೆ, ಯಾವ ಬಾಟಲಿ ಅರ್ಧಕ್ಕಿಳಿದರೆ ಶಿವಮೊಗ್ಗದಿಂದ ಹೊಸದು ತರಿಸಬೇಕು, ಎಲ್ಲ ಅವಳ ತಲೆಯಲ್ಲೇ. ಒಂದು ಹನಿಯನ್ನೂ ಅವಳು ನಾಲಗೆಗೆ ಸೋಕಿಸಿದವಳಲ್ಲ. ಸಾರಿಗೆ ಉಪ್ಪು ಹಾಕಿದಂತೆ ಮೂಗು, ಕಣ್ಣುಗಳ ಅಂದಾಜಿನಲ್ಲೇ ಬೆರೆಸುತ್ತಿದ್ದಳು. ಮಾಡಲು ನಾಚಿಕೆಯಾದ ಕೆಲಸ ಮಾಡಿ ಮಾಡಿ ಕೈಗೆ ಒಲಿದುಬಿಟ್ಟಿತ್ತು. ಅದೇ ಹೆಚ್ಚಿನ ನಾಚಿಕೆ.

ಒಂದು ಸಲ ತಂದೆ ಪಂಚಾಕ್ಷರಪ್ಪ ಮೇಷ್ಟ್ರು ತಮ್ಮೂರು ಜಡೆಯಿಂದ ಬಸ್ಸು ಹಿಡಿದು ಮಗಳನ್ನು ನೋಡಲು ಬಂದಿದ್ದರು. ಮಹಡಿ ಹತ್ತಿದವರು ಬೀರುವನ್ನು ಕಂಡು ಚಪ್ಪಲಿ ಬಿಟ್ಟು ಮುಂದೆ ಹೋಗಿ, ಗಾಜಿನ ಮೇಲಿಂದಲೇ ಸಂಪುಟಗಳ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಅಳಿಯಂದ್ರು ಎಂಥ ಸಂಪತ್ತು ಕೂಡಿಟ್ಟಿದಾರೆ ಮಗಾ! ಒಂದು ಸಂಪುಟ ತಗೊಂಡ್ ಹೋಗ್ಲಾ? ಓದಿ ಮುಂದಿನ ಸಲ ತಂದ್ಕೊಡ್ತೀನಿ."

"ಬೀಗದ ಕೈ ಅವರತ್ರ ಇದೆ, ಅಪ್ಪಾಜಿ."

ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಮೇಷ್ಟ್ರು ತಲೆಯಾಡಿಸಿ, ಇನ್ನೊಮ್ಮೆ ಕೈ ಮುಗಿದು ಕೆಳಗಿಳಿದರು. ಅಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಹೇಳಿದ ಮನುಷ್ಯ. ಅವರ ಮಗಳು ಆ ಗಳಿಗೆಯಲ್ಲಿ ಭೂಮಿ ಬಾಯಿಬಿಡಲಿ ಎಂದು ಬೇಡಿಕೊಂಡಳು. ಭೂಮಿ ಬಾಯಿಬಿಡುವುದು ಅಜ್ಜಿಯ ಕತೆಗಳಲ್ಲಿ ಮಾತ್ರ.

ಆಷಾಢದಲ್ಲಿ ಸುದ್ದಿ ಬಂತು. ಶ್ರಾವಣದ ಕೊನೆಯ ಸೋಮವಾರ ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಶಿಕಾರಿಪುರಕ್ಕೆ ಬರುತ್ತಾರೆ. ಅವರು ಬೇಡುವ ಭಿಕ್ಷೆ ಅಕ್ಕಿಯಲ್ಲ, ಕಾಸಲ್ಲ. 'ನಿಮ್ಮ ದುಶ್ಚಟ ನನ್ನ ಜೋಳಿಗೆಗೆ ಹಾಕಿ' ಎಂದು ಬೇಡುವವರು. ಪಾದಪೂಜೆ ಅಧ್ಯಕ್ಷರ ಮನೆಯಲ್ಲಿ. ಅಂಗಳದಲ್ಲಿ ಶಾಮಿಯಾನ, ಮೈಕು, ಮುನ್ನೂರು ಜನ. ಪೂಜೆ ಮುಗಿದೊಡನೆ ಚಂದ್ರಶೇಖರನ ಭಾಷಣ.

ನೀಲಾಂಬಿಕಳಿಗೆ ಅಂದು ದೋಸೆ ಹುಯ್ಯುತ್ತಿರುವಾಗ ಉಪಾಯ ಹೊಳೆಯಿತು. ಹೆಂಚಿನ ಮೇಲೆ ದೋಸೆ ಸೀದುಹೋಯಿತು.

ಭಾಷಣಕ್ಕೆ ನಿಂತವನು ಕುಡಿದು ತೂರಾಡಬೇಕು. ಅಷ್ಟೇ. ಆಮೇಲಿನದನ್ನು ಊರೇ ನೋಡಿಕೊಳ್ಳುತ್ತದೆ. ಯಾರೋ ಮಹಡಿ ಹತ್ತುತ್ತಾರೆ, ಯಾರೋ ಬೀರು ಎಳೆಯುತ್ತಾರೆ, ಬಾಟಲಿ ಹೊರಗೆ ಬರುತ್ತವೆ. ಬೆನಕಪ್ಪನಂಥವರು ಈ ಮೆಟ್ಟಿಲು ಮತ್ತೆ ತುಳಿಯುವುದಿಲ್ಲ. ಅವಳ ಕೈ ಅವಳಿಗೆ ವಾಪಸ್ಸು ಸಿಗುತ್ತದೆ. ಅವಳ ಮೇಲೆ ಯಾರಿಗೆ ಅನುಮಾನ? ಕಣ್ಣು ಮುಚ್ಚಿ ಲಿಂಗಪೂಜೆ ಮಾಡುವ ಸೊಸೆ ಅವಳು.

ಅವಸರವಿಲ್ಲದೆ, ಹಬ್ಬದ ಅಡುಗೆಗೆ ಸಾಮಾನು ಹೊಂದಿಸುವಂತೆ, ಒಂದೊಂದನ್ನೇ ಹೊಂದಿಸಿದಳು. ರಮ್ಮಿಗೆ ವಾಸನೆ, ಜಿನ್ನಿಗೆ ಔಷಧಿಯ ಘಾಟು. ವೋಡ್ಕಾಕ್ಕೆ ಯಾವುದೂ ಇಲ್ಲ. ಅದನ್ನು ಅಡಗಿಸಲು ಬೆಲ್ಲದ ಪಾನಕಕ್ಕಿಂತ ಒಳ್ಳೆಯದು ಸಿಗದು. ಬೆಲ್ಲ, ನಿಂಬೆ, ಏಲಕ್ಕಿ, ಗಂಟಲು ಸುಡುವುದಕ್ಕೆ ನೆಪವಾಗಿ ಶುಂಠಿ, ಕಾಳುಮೆಣಸು. ಒಂದು ಸಂಜೆ ಬೆನಕಪ್ಪನವರ ಮೂಗಿನ ಕೆಳಗೇ ಅಂಥದೊಂದು ಗ್ಲಾಸು ಹಿಡಿದಳು. "ಶ್ರಾವಣಕ್ಕೆ ಪಾನಕ ಮಾಡಿ ನೋಡ್ತಿದೀನಿ, ವಾಸನೆ ಸರಿ ಇದೆಯಾ ಹೇಳ್ರಿ." ಅವರು ಮೂಸಿ, "ಬ್ಯಾಡ ತಂಗೀ, ಇಂಥ ಸಾತ್ವಿಕದ್ದೆಲ್ಲ ನಂಗೆ ಆಗಿಬರಲ್ಲ" ಎಂದು ಕೈ ಆಡಿಸಿದರು. ಮೂಗು ಸೋತಿತು. ಅವಳು ಆ ಗ್ಲಾಸನ್ನು ಮೋರಿಗೆ ಚೆಲ್ಲಿದಳು.

ಇನ್ನು ಪ್ರಮಾಣ. ಗಂಡನಿಗೆ ಊಟದ ಜೊತೆ ಮೂರು ದೊಡ್ಡ ಪೆಗ್ಗು ಲೆಕ್ಕಕ್ಕಿಲ್ಲ. ನಾಲ್ಕನೆಯದಕ್ಕೆ ಮಾತು ಜಾರುತ್ತದೆ, ಐದನೆಯದಕ್ಕೆ ಹಾಡು ಬರುತ್ತದೆ. ಆದರೆ ಪಾದಪೂಜೆಯ ದಿನ ಅವನು ಹಿಂದಿನ ರಾತ್ರಿಯಿಂದ ಉಪವಾಸ. ಬರಿ ಹೊಟ್ಟೆ. ಮೂರೇ ಸಾಕು, ಆದರೂ ನಾಲ್ಕು ಇರಲಿ. ಮದುವೆಯಲ್ಲಿ ಕೊಟ್ಟ ಅವನ ಬೆಳ್ಳಿ ಲೋಟ ದೊಡ್ಡದು, ಅರ್ಧ ಸೇರು ಹಾಲು ಹಿಡಿಯುವಂಥದು. ಹಿಡಿಸುತ್ತದೆ.

ಅವನ ನಾಲಗೆ ಕಂಡುಹಿಡಿಯದೆ ಇರುತ್ತದೆಯೇ? ಇಲ್ಲ, ಮೊದಲ ಗುಟುಕಿಗೇ ಕಂಡುಹಿಡಿಯುತ್ತದೆ. ಇಲ್ಲಿಯೇ ಅವಳ ಉಪಾಯದ ಅಗುಳಿ ಇದ್ದದ್ದು. ಸ್ವಾಮಿಗಳು ಯಾರ ಮನೆಯಲ್ಲೂ ಏನನ್ನೂ ಸೇವಿಸುವವರಲ್ಲ, ಮುಂದಿಟ್ಟದ್ದನ್ನು ಮುಟ್ಟಿ ಹರಸಿ ಕೊಡುತ್ತಾರೆ. ಅವರು ಮುಟ್ಟಿದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಉಗುಳುವಂತಿಲ್ಲ, ಚೆಲ್ಲುವಂತಿಲ್ಲ. ತೊಟ್ಟೂ ಬಿಡದೆ ಕುಡಿದು, ಲೋಟಕ್ಕೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯಬೇಕು. 'ಇದರಲ್ಲಿ ಹೆಂಡ ಇದೆ' ಎಂದು ಬಾಯಿ ಬಿಟ್ಟನೋ, 'ಅಧ್ಯಕ್ಷರೇ, ಅದರ ರುಚಿ ನಿಮಗೆ ಹೇಗೆ ಗೊತ್ತು?' ಎಂದು ಮುನ್ನೂರು ಜನ ಕೇಳುತ್ತಾರೆ. ಕುಡಿದರೂ ಕೆಟ್ಟ, ಕುಡಿಯದಿದ್ದರೂ ಕೆಟ್ಟ. ಅಜ್ಜಿಯ ಕತೆಯ ಏಳು ಸುತ್ತಿನ ಕೋಟೆಗಾದರೂ ಎಲ್ಲೋ ಒಂದು ಬಿಲ ಇರುತ್ತಿತ್ತು. ಇದಕ್ಕೆ ಅದೂ ಇರಲಿಲ್ಲ.

ಸ್ವಾಮಿಗಳ ಕೈ ಅಂಥ ಲೋಟವನ್ನು ಮುಟ್ಟುತ್ತದಲ್ಲ ಎಂಬುದೊಂದೇ ಅವಳನ್ನು ಚುಚ್ಚಿತು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ 'ಅವರ ಕೈಗೆ ಅಂಟುವುದಿಲ್ಲ, ಅಂಟಿದರೆ ನನ್ನ ಕೈಗೇ' ಎಂದು ತನಗೆ ತಾನೇ ಹೇಳಿಕೊಂಡಳು. ಹೇಗಿದ್ದರೂ ಅದು ಮೈಲಿಗೆಯ ಕೈ.

ಆ ಸೋಮವಾರ ಬೆಳಗ್ಗೆ ಎಲ್ಲರೂ ಅಂಗಳದಲ್ಲಿ ತೋರಣ ಕಟ್ಟುತ್ತಿದ್ದಾಗ ಅವಳು ಮಹಡಿಗೆ ಹೋಗಿ ವಚನಗಳ ಸಾಲು ತೆರೆದಳು. ಸಣ್ಣ ತಂಬಿಗೆಯಲ್ಲಿ ನಾಲ್ಕು ಅಳತೆ ಹುಯ್ದುಕೊಂಡು ಬಂದಳು. ಜನರಿಗೆಲ್ಲ ಕೊಳಗದಲ್ಲಿ ಪಾನಕ ಸಿದ್ಧವಿತ್ತು. ಬೆಳ್ಳಿ ಲೋಟಕ್ಕೆ ಬೇರೆ ಬೆರೆಸುತ್ತಿರುವಾಗ ಲೋಕಮ್ಮ ಬಾಗಿಲಲ್ಲಿ ಬಂದು ನಿಂತರು.

"ಇದೇನೇ ನೀಲಾ, ಇದೊಂದು ಬ್ಯಾರೆ?"

"ಅವರಿಗೆ ಮೆಣಸು ಮುಂದಿರಬೇಕಲ್ಲ ಅತ್ತೆ. ಭಾಷಣಕ್ಕೆ ಗಂಟಲು ಬಿಡುತ್ತೆ."

"ಆಹಾಹಾ, ಗಂಡನ ಗಂಟಲು ಕಾಯೋಳು! ನಮ್ ಕಾಲದಾಗೆ ನಾವು ಮೆಣಸಿನ ಜೊತೆ ಒಂದೆರಡು ಬೈಗುಳನೂ ಬೆರೆಸಿ ಕೊಡ್ತಿದ್ವಿ." ಲೋಕಮ್ಮ ನಗುತ್ತಲೇ ಹೋದರು. ನೀಲಾಂಬಿಕ ಒಂದು ಹನಿಯೂ ಚೆಲ್ಲದಂತೆ ತಂಬಿಗೆಯನ್ನು ಲೋಟಕ್ಕೆ ಬಗ್ಗಿಸಿದಳು. ಎರಡು ವರ್ಷ ಸುಮ್ಮನೆ ಹೋಗಿರಲಿಲ್ಲ.

ಹನ್ನೊಂದಕ್ಕೆ ಸ್ವಾಮಿಗಳು ಬಂದರು. ಗಂಡ ಹೆಂಡತಿ ಒಟ್ಟಿಗೆ ಪಾದ ತೊಳೆದರು, ಪತ್ರೆ ಏರಿಸಿದರು. ಜನರ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಂದೆ ಪಂಚಾಕ್ಷರಪ್ಪ ಕೂತಿದ್ದರು. ಅವರತ್ತ ಅವಳು ನೋಡಲಿಲ್ಲ. ಬೆಳ್ಳಿ ಲೋಟ ಸ್ವಾಮಿಗಳ ಮುಂದೆ ಹೋಯಿತು. ಅವರು ಅಂಚು ಮುಟ್ಟಿ, ಕಣ್ಣು ಮುಚ್ಚಿ, "ಒಳ್ಳೇದಾಗಲಿ" ಎಂದು ಚಂದ್ರಶೇಖರನ ಕೈಗೆ ಕೊಟ್ಟರು. ಅವನು ಲೋಟವನ್ನು ಹಣೆಗೊತ್ತಿಕೊಂಡು ಒಂದು ಗುಟುಕು ಕುಡಿದ. ಅಲ್ಲಿಗೇ ನಿಲ್ಲಿಸಿದ. ಮಹಡಿಯ ಮೇಲೆ ಹೊಸ ಬಾಟಲಿ ತೆರೆದಾಗ ಮಾಡುವಂತೆ ನಾಲಗೆಯನ್ನು ಅಂಗುಳಿನ ಮೇಲೆ ಮೆಲ್ಲಗೆ ಎಳೆದ. ಆಮೇಲೆ ಹೆಂಡತಿಯ ಮುಖ ನೋಡಿದ. ಅಗುಳಿ ಬಿತ್ತು ಎಂದುಕೊಂಡಳು ನೀಲಾಂಬಿಕ. ಎರಡು ವರ್ಷದಲ್ಲಿ ಮೊದಲ ಸಲ ಅವನ ದೃಷ್ಟಿಗೆ ದೃಷ್ಟಿ ಕೊಟ್ಟು ಕೂತಳು.

ಚಂದ್ರಶೇಖರ ಲೋಟ ಕೆಳಗಿಡಲಿಲ್ಲ, ಮತ್ತೆ ಬಾಯಿಗೂ ಒಯ್ಯಲಿಲ್ಲ. ಎಡಕ್ಕೆ ತಿರುಗಿ, ಎರಡೂ ಕೈಯಲ್ಲಿ ಹಿಡಿದು, ಅವಳ ಮುಂದೆ ಚಾಚಿದ. "ನಮ್ಮನೆಯವ್ರೂ ರಾತ್ರಿಯಿಂದ ಉಪವಾಸ ಇದಾರೆ ಬುದ್ಧಿ. ನನ್ನ ಪಾಲು ಆಯ್ತು, ಉಳಿದಿದ್ದು ಅವ್ರದ್ದು" ಎಂದ, ಭಾಷಣದ ಆ ಮೃದು ದನಿಯಲ್ಲಿ. ಹೆಂಗಸರು 'ಗಂಡ ಅಂದ್ರೆ ಹಿಂಗಿರ್ಬೇಕು ನೋಡು' ಎಂದು ಗುಜುಗುಜು ಎಂದರು. ಜೋಡಿಯಾಗಿ ಪಾದಪೂಜೆಗೆ ಕೂತವರಿಗೆ ಪ್ರಸಾದದ ಲೋಟ ಒಂದೇ, ಗಂಡ ಬಾಯಿಗೆ ಮುಟ್ಟಿಸಿ ಬಿಟ್ಟದ್ದೆಲ್ಲ ಹೆಂಡತಿಯದು. ಇದು ಹೊಕ್ಕುಳಬಳ್ಳಿ ಕೊಯ್ಯುವ ಮೊದಲೇ ಅವಳ ಜನಕ್ಕೆಲ್ಲ ಗೊತ್ತಿರುವ ಮಾತು. ಇಷ್ಟು ದಿನದ ಲೆಕ್ಕದಲ್ಲಿ ಬೆಲ್ಲವಿತ್ತು, ಮೆಣಸಿತ್ತು, ಗಂಡನ ಹೊಟ್ಟೆಯಿತ್ತು, ಅವಳೊಬ್ಬಳು ಇರಲಿಲ್ಲ. ಮಹಡಿಯ ಮೇಲೆ ಕೂರುವವರೆಲ್ಲರ ಹಾಗೆ ಅವಳೂ ತನ್ನನ್ನು ಬೆರೆಸಿ ಕೊಡುವ ಒಂದು ಕೈ ಎಂದಷ್ಟೇ ಎಣಿಸಿದ್ದಳು. "ತಗೊಳೇ ನೀಲಾ, ತೊಟ್ಟೂ ಬಿಡಬಾರ್ದು, ಪ್ರಸಾದ" ಎಂದು ಲೋಕಮ್ಮ ಹಿಂದಿನಿಂದ ತಿವಿದರು. "ಪ್ರಸಾದ ತಗೊಂಡು, ಮನೆ ಬೆಳಗೋ ತಾಯಿ ಅಧ್ಯಕ್ಷರಿಗಿಂತ ಮೊದಲು ಎರಡು ಮಾತು ಆಡಲಿ" ಎಂದು ಸ್ವಾಮಿಗಳು ಹೇಳಿದ್ದೇ ತಡ, ಮೈಕು ಅವಳ ಮುಂದೆ ಬಂದು ನಿಂತಿತು. ಜಡೆಯ ಮೇಷ್ಟ್ರು ಮಗಳ ಮಾತು ಸರಿಯಾಗಿ ಕೇಳಿಸಲೆಂದು ಕೂತಲ್ಲಿಂದಲೇ ಮುಂದಕ್ಕೆ ಬಾಗಿದರು. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದ ತುಟಿಗೆ ನೀಲಾಂಬಿಕ ಬೆಳ್ಳಿಯ ಅಂಚು ಇಟ್ಟಳು, ಕಣ್ಣು ಮುಚ್ಚಿದಳು, ಕುಡಿಯತೊಡಗಿದಳು.