ಒಣಗುವ ಚಪ್ಪಲಿಯ ರಾಗ

ಕಾಗೆಗಳೂ ದಾರಿ ಕೇಳಿಕೊಂಡು ಹಾರುತ್ತಿದ್ದ ಕಾಲದಲ್ಲಿ ಹೊಂಗೇರಿ ಎಂಬ ರಾಜ್ಯವಿತ್ತು. ಅಲ್ಲಿ ದೇಮಕ್ಕ ಎಂಬ ವೀಣೆಗಾರ್ತಿ ಇದ್ದಳು. ಅವಳ ಅಪ್ಪ ಕಲ್ಲಯ್ಯ ವೀಣೆ ಮಾಡುವವನು, ಹಲಸಿನ ಮರ ತರಲೆಂದು ದೂರ ಹೋಗಿದ್ದ. ಅಷ್ಟರಲ್ಲಿ ಜಟಾಮುಷ್ಟಿ ಎಂಬ ಮಾಂತ್ರಿಕ ಬಂದು ಊರಿನ ದಾರಿಯನ್ನೇ ಹೆಬ್ಬಾವು ಮಾಡಿಬಿಟ್ಟ.

ಇನ್ನೇನು ಕೋಟೆಬಾಗಿಲು ಬಂತು ಎನ್ನುವಾಗ ಹಾವು ಮಗ್ಗುಲು ಬದಲಿಸುತ್ತಿತ್ತು, ನಡೆದವರು ಹಿಂದಕ್ಕೆ ಹೋಗಿ ಬೀಳುತ್ತಿದ್ದರು. ಕಲ್ಲಯ್ಯ ಒಂದು ವರ್ಷದಿಂದ ಹೀಗೆ ಬರುತ್ತಲೇ ಇದ್ದ. ಊರವರು ಕವಣೆಯಲ್ಲಿ ರೊಟ್ಟಿಗಂಟು ಬೀಸಿ ಎಸೆಯುವರು. ಅವನು ಅದನ್ನು ಹಿಡಿದು, "ನೀನು ಉಂಡೆಯಾ ಮಗಳೇ?" ಎಂದು ಕೂಗುವನು. ಕೋಟೆಯ ಮೇಲೆ ನಿಂತ ದೇಮಕ್ಕ, "ಉಂಡೆ ಅಪ್ಪಾ!" ಎಂದು ಕೂಗುವಳು.

ರಾಜ ಮಾಂತ್ರಿಕನ ಕಾಲಿಗೆ ಬಿದ್ದ. ಮಾಂತ್ರಿಕ ಮೀಸೆ ತಿರುವಿದ. "ಲೋಕವೆಲ್ಲ ಸುತ್ತಿ ಇರುವ ಸಂಗೀತವನ್ನೆಲ್ಲ ಕೇಳಿದ್ದೇನೆ. ಕೇಳದ್ದೊಂದನ್ನು ಕೇಳಿಸಿ, ದಾರಿ ಬಿಡುತ್ತೇನೆ. ಮೂರು ಸಲ ನುಡಿಸಬಹುದು. ಮೂರೂ ಸೋತರೆ ದಾರಿಯನ್ನು ಹೊಳೆಗೆ ಬಿಡುತ್ತೇನೆ, ಅದರ ಮೇಲಿದ್ದವರೂ ಅದರ ಜೊತೆಗೇ."

"ನಾನು ಕೇಳಿಸುತ್ತೇನೆ," ಎಂದಳು ದೇಮಕ್ಕ.

ಅವಳ ಬಳಿ ಅಂಗೈಯಗಲದ ಪುಸ್ತಕವೊಂದಿತ್ತು. ಕಡಲಾಚೆಯ ಜಪಾನಿನಿಂದ ನಡೆದೂ ದೋಣಿಯೇರಿಯೂ ಬಂದ ಅಜ್ಜಿಯೊಬ್ಬಳು ಅವರ ಮನೆಯಲ್ಲಿ ತಂಗಿದ್ದಾಗ, ತನ್ನ ಪಯಣದ ಪದ್ಯಗಳ ಅರ್ಥ ಹೇಳಿ ಕೊಟ್ಟು ಹೋದದ್ದು. ಒಂದೊಂದು ಪದ್ಯಕ್ಕೆ ಮೂರೇ ಸಾಲು.

ಬೆಟ್ಟ ದಾಟಿದರೆ ಮತ್ತೊಂದು ಬೆಟ್ಟ ಎನ್ನುವ ಪದ್ಯ ಹಿಡಿದು ದೇಮಕ್ಕ ಮೊದಲ ಸಂಗೀತ ಕಟ್ಟಿದಳು. ಪಯಣವೆಂದರೆ ನಡಿಗೆ ತಾನೇ? ಮನೆಯ ಪಡಸಾಲೆಯಲ್ಲಿ ವೀಣೆ ನಡುವೆ ಕೂತಿತು. ಕೊಳಲು, ಕಿನ್ನರಿ, ಮದ್ದಳೆ ಹಿಂದೆ ಕೂತವು. ಮದ್ದಳೆಯ ಬೊಪ್ಪಣ್ಣ ಸೂರು ಹಾರುವಂತೆ ಬಾರಿಸಿದ.

"ಒಳಗೆ ಬನ್ನಿ," ಎಂದರೆ ಮಾಂತ್ರಿಕ ಹೊಸ್ತಿಲಾಚೆಯೇ ನಿಂತ. "ಯಾರ ಮನೆಯಲ್ಲೂ ನಾನು ಚಪ್ಪಲಿ ಬಿಡುವವನಲ್ಲ. ಇದು ಕುದುರೆಯ ಓಟ, ಕೇಳಿದ್ದೇನೆ." ಹಾವು ಹೊರಳಿತು. ಮರುದಿನ ಕಲ್ಲಯ್ಯ ಇನ್ನೂ ದೂರ ಸರಿದು ಆಡಿನ ಮರಿಯಷ್ಟು ಕಂಡ.

ಊರು ಬಿಟ್ಟ ದಿನದ ಪದ್ಯ ಹಿಡಿದು ಎರಡನೆಯದನ್ನು ಕಟ್ಟಿದಳು. ಕೇಳಿದವರೆಲ್ಲ ಸೆರಗಿನಲ್ಲಿ ಮೂಗೊರೆಸಿಕೊಂಡರು. ಮಾಂತ್ರಿಕ ಹೊಸ್ತಿಲಾಚೆಯಿಂದಲೇ, "ಇದು ಅಳು. ಹುಟ್ಟಿದ ದಿನವೇ ಕೇಳಿದ್ದೇನೆ," ಎಂದ. ಹಾವು ಹೊರಳಿತು. ಕಲ್ಲಯ್ಯ ಇರುವೆಯಷ್ಟು ಕಂಡ. ಅವನ ಕೂಗೂ ಕೇಳಿಸಲಿಲ್ಲ.

ದೇಮಕ್ಕ ಅತ್ತಳು, ಮೂಗು ತೊಳೆದುಕೊಂಡಳು, ಮತ್ತೆ ಪುಸ್ತಕ ತೆರೆದಳು.

*ಒದ್ದೆ ಚಪ್ಪಲಿ*
*ಕಟ್ಟೆಯ ಮೇಲೆ ಒಣಗುವ ತನಕ*
*ನನ್ನದೂ ಈ ಊರು.*

ನಡೆಯುತ್ತಾ ಯಾರು ಪದ್ಯ ಬರೆಯುತ್ತಾರೆ! ಅಜ್ಜಿ ಬರೆದದ್ದೆಲ್ಲ ಯಾರೋ ಜಾಗ ಕೊಟ್ಟು ಕೂರಿಸಿದ ಮೇಲೆ. ದೇಮಕ್ಕ ಎದ್ದು ವೀಣೆಯನ್ನು ನಡುವಿನಿಂದ ಎತ್ತಿದಳು.

"ನಡುವೆ ಯಾರು ಕೂರುವುದು ತಾಯಿ?" ಎಂದ ಬೊಪ್ಪಣ್ಣ.

"ಯಾರೂ ಇಲ್ಲ ಅಣ್ಣ. ಒಬ್ಬರು ನುಡಿಸುವಾಗ ಇನ್ನೊಬ್ಬರು ಬಂದರೆ ಸರಿದು ಜಾಗ ಕೊಡಬೇಕು. ನೀವೂ."

"ನಾನೂನಾ?" ಬೊಪ್ಪಣ್ಣನಿಗೆ ಕಷ್ಟವೇ ಆಯಿತು. ಆದರೂ ಕಲಿತ.

ಮೂರನೆಯ ಸಲ ಕೊಳಲು ಮೊದಲು ಬಂತು. ಕಿನ್ನರಿ ಬಂದಾಗ ಕೊಳಲು ಸರಿಯಿತು. ವೀಣೆಗೆ ಎರಡೂ ಸರಿದವು. ಮದ್ದಳೆ ಬೆರಳ ತುದಿಯಲ್ಲಿ ಮೆಲ್ಲಗೆ ಬಂದು ಕೂತಿತು. ಮತ್ತೆ ನಾಲ್ಕೂ ಸರಿದು, ಇನ್ನೊಬ್ಬರಿಗಾಗುವಷ್ಟು ಜಾಗ ಬಿಟ್ಟು ನುಡಿದವು. ಬಂದವರೇ, ಬನ್ನಿ, ಕೂರಿ ಎಂದು ಮನೆಯೇ ಕರೆದಂತಿತ್ತು.

ಲೋಕವೆಲ್ಲ ಸುತ್ತಿದ ಜಟಾಮುಷ್ಟಿಗೆ ಹಾಗೆ ಯಾರೂ ಎಂದೂ ಜಾಗ ಬಿಟ್ಟಿರಲಿಲ್ಲ. ತನಗೇ ತಿಳಿಯದೆ ಚಪ್ಪಲಿ ಕಳಚಿ ಒಳಗೆ ಬಂದು ಕೂತುಬಿಟ್ಟ. ಅವನ ಮಂತ್ರವೆಲ್ಲ ಆ ಚಪ್ಪಲಿಯಲ್ಲೇ ಇತ್ತು! ಬೀದಿನಾಯಿಯೊಂದು ಎರಡನ್ನೂ ಕಚ್ಚಿಕೊಂಡು ಓಡಿತು. ಹೆಬ್ಬಾವು ಮೈ ಚಾಚಿ ನೆಟ್ಟಗಾಗಿ ಮಣ್ಣಿನ ದಾರಿಯಾಯಿತು.

"ಇದನ್ನು ಕೇಳಿರಲಿಲ್ಲ," ಎಂದ ಮಾಂತ್ರಿಕ, ಕಣ್ಣೊರೆಸಿಕೊಳ್ಳುತ್ತಾ. "ಇನ್ನೊಂದು ಸಲ ನುಡಿಸ್ತೀಯಾ ತಾಯಿ?"

ದೇಮಕ್ಕ ನುಡಿಸಿದಳು. ನುಡಿಸುತ್ತಿರುವಾಗಲೇ ಹಲಸಿನ ದಿಮ್ಮಿ ಹೊತ್ತ ಕಲ್ಲಯ್ಯ ಬಾಗಿಲಿಗೆ ಬಂದ. ಅವಳು ತಲೆಯೆತ್ತಿ ನೋಡಿದಳು, ಆದರೆ ವೀಣೆ ನಿಲ್ಲಲಿಲ್ಲ.

ಕಲ್ಲಯ್ಯ ದಿಮ್ಮಿ ಇಳಿಸಿದ. ಪಡಸಾಲೆಯಲ್ಲಿ ಯಾರೋ ಅಪರಿಚಿತ ಕಾಲು ಚಾಚಿ ಕೂತಿದ್ದ.

"ಸ್ವಲ್ಪ ಸರಿಯಪ್ಪ," ಎಂದ ಕಲ್ಲಯ್ಯ.

ಜಟಾಮುಷ್ಟಿ ಸರಿದು ಕೂತ. ಅಂದಿನಿಂದ ಹೊಂಗೇರಿಗೆ ಬಂದವರಿಗೂ ಇದ್ದವರಿಗೂ ಸುಖಕ್ಕೇನೂ ಕಡಿಮೆಯಾಗಲಿಲ್ಲ.