ಕೈಯಲ್ಲಿ ಕಾಗದವಿಲ್ಲದ ಶನಿವಾರ

ಆನ್ಶೆಲ್ ನನ್ನ ಕಥೆಯನ್ನು ಮೂರನೆಯ ಸಲ ಹಿಂತಿರುಗಿಸಿದಾಗಲೂ ಅಂಚಿನಲ್ಲಿ ಒಂದು ಪೆನ್ಸಿಲ್ ಗೆರೆ ಇರಲಿಲ್ಲ.

ಬೇಕರಿಯ ಬೆಲೆಪಟ್ಟಿಯಲ್ಲಿ ತಪ್ಪು ಕಂಡರೂ ತಿದ್ದದೆ ಬ್ರೆಡ್ ಕೊಳ್ಳದ ಮನುಷ್ಯ ಅವರು. ನನ್ನ ಪುಟಗಳು ಮಾತ್ರ ಹೋದ ಹಾಗೇ ಬಂದವು. ಹೇಗಿದೆ ಎಂದು ಕೇಳಿದರೆ ಕನ್ನಡಕ ಒರೆಸುತ್ತಾ ಕಿಟಕಿಯ ಕಡೆ ನೋಡಿದರು. ಓದಿಯೇ ಇಲ್ಲ ಎಂದುಕೊಂಡೆ. ಅಂದಿನಿಂದ ಅವರ ಜೊತೆ ಕಾಫಿಗೆ ಹೋಗುವುದನ್ನು ಬಿಟ್ಟೆ.

ಬ್ರಾಂಕ್ಸಿನ ನಮ್ಮ ಗುಡ್ಡದಲ್ಲಿ ಆನ್ಶೆಲ್ ಅವರ ಪತ್ರಿಕೆ ಓದದ ಯಹೂದಿ ಮನೆ ಕಡಿಮೆ. ಪ್ರತಿ ಗುರುವಾರ ಒಂದೇ ಹಾಳೆ. ಯಾವ ಹೊಸ ಪುಸ್ತಕ ಬಂತು, ಯಾವ ಬಹುಮಾನಕ್ಕೆ ಕಥೆ ಕಳಿಸಬಹುದು, ಯಾರು ಎಲ್ಲಿ ಓದುತ್ತಾರೆ, ಎಲ್ಲವೂ ಅದರಲ್ಲಿ. ಹೆಂಡತಿ ತೀರಿಕೊಂಡ ವಾರವೂ ಅವರು ಅದನ್ನು ನಿಲ್ಲಿಸಲಿಲ್ಲ.

ಒಂದು ಗುರುವಾರದ ಹಾಳೆಯಲ್ಲಿ ಹೀಗಿತ್ತು: ಇದುವರೆಗೆ ಏನನ್ನೂ ಪ್ರಕಟಿಸದವರ ಕಥೆಗಳ ಸಂಕಲನವೊಂದು ಬರುತ್ತಿದೆ. ಸಂಪಾದಕಿ ಶನಿವಾರ ಮಧ್ಯಾಹ್ನ ನಮ್ಮ ಪ್ರಾರ್ಥನಾಮಂದಿರ ಸಿನಗಾಗಿನಲ್ಲಿ ಕಥೆ ಕೇಳುತ್ತಾರೆ. ಒಂದನ್ನು ಆರಿಸುತ್ತಾರೆ.

ಕಾಲೇಜಿನಲ್ಲಿ ಜೀವಮಾನವಿಡೀ ಬೇರೆಯವರ ಕಥೆ ಪಾಠ ಮಾಡಿದವಳು ನಾನು. ನನ್ನದೊಂದು ಅಚ್ಚಾಗಬೇಕು, ಕಣ್ಣಿರುವಾಗಲೇ ಅದನ್ನು ನೋಡಬೇಕು ಎಂಬುದೊಂದೇ ಆಸೆ ಉಳಿದಿತ್ತು. ಹೆಸರು ಕೊಟ್ಟೆ.

ಶುಕ್ರವಾರ ಗಾಳಿ ಎದ್ದಿತು. ಸಬ್ಬತ್ತಿನ ದೀಪ ಹಚ್ಚಲು ಬೆಂಕಿಕಡ್ಡಿ ಕೈಗೆತ್ತಿಕೊಂಡಿದ್ದೆ, ಫೋನ್ ಬಂತು. ಆನ್ಶೆಲ್.

"ಬ್ಲೂಮಾ, ತಂತಿ ಕಡಿದುಬಿದ್ದಿದೆಯಂತೆ. ಕತ್ತಲಾಗೋದ್ರೊಳಗೆ ಕಟ್ಟೋಕಾಗಲ್ಲ."

ಗುಡ್ಡದ ಸುತ್ತ ಕಂಬದಿಂದ ಕಂಬಕ್ಕೆ ಎಳೆದ ತಂತಿ ಅದು. ಅದು ಇರುವವರೆಗೆ ಇಡೀ ಬಡಾವಣೆ ಒಂದು ಮನೆಯ ಲೆಕ್ಕ. ಅದು ಕಡಿದರೆ ನಮ್ಮ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ, ಎಂದರೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ, ಕರವಸ್ತ್ರವನ್ನೂ ಕೈಯಲ್ಲಿ ಹಿಡಿದು ಹೊಸಿಲು ದಾಟುವಂತಿಲ್ಲ. ಕಥೆ ನನ್ನ ಮೇಜಿನ ಮೇಲಿತ್ತು. ಸೂರ್ಯ ಆಗಲೇ ಹಡ್ಸನ್ ನದಿಯ ಆಚೆ ದಡಕ್ಕೆ ತಾಗಿದ್ದ; ಅದನ್ನು ಸಿನಗಾಗಿಗೆ ಮುಟ್ಟಿಸುವಷ್ಟು ಹೊತ್ತಿರಲಿಲ್ಲ.

ಇನ್ನು ನಾನು ಬರುವುದಿಲ್ಲ ಎಂದೆ.

"ಬನ್ನಿ. ಬರಿಗೈಲಿ ಬನ್ನಿ," ಎಂದರು.

ರಾತ್ರಿಯೂ ಬೆಳಿಗ್ಗೆಯೂ ಅದೇ ಪುಟಗಳನ್ನು ತಿರುವಿ ತಿರುವಿ ಓದಿದೆ. ಮರುದಿನ ಹೋದಾಗ ಆನ್ಶೆಲ್ ಗೇಟಿನ ಬಳಿ ಕಾಯುತ್ತಿದ್ದರು. ನೀಲಿ ಕರವಸ್ತ್ರವೊಂದನ್ನು ಕುತ್ತಿಗೆಗೆ ಕಟ್ಟಿಕೊಂಡಿದ್ದರು. ತೊಟ್ಟುಕೊಂಡದ್ದು ಬಟ್ಟೆ, ಹೊತ್ತದ್ದಲ್ಲ. ನಮ್ಮ ತಾತಂದಿರು ಹಾಗೆ ಮಾಡುತ್ತಿದ್ದರು. ಆನ್ಶೆಲ್ ಹಾಗೆ ಕಟ್ಟಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಕೌಬಾಯ್ ಥರ ಕಾಣ್ತೀರಿ," ಎಂದೆ. ವಾರಗಳ ಮೇಲೆ ಮುಖ ನೋಡಿ ಆಡಿದ ಮೊದಲ ಮಾತು.

ಅವರ ಕಿವಿ ಕೆಂಪಾಯಿತು. ನನ್ನತ್ತ ನೋಡಿದರು, ನೋಡಿದ್ದು ಗೊತ್ತಾಯಿತೇನೋ ಎಂದು ಗೇಟಿನತ್ತ ನೋಡಿದರು, ಮತ್ತೆ ನನ್ನತ್ತಲೇ ನೋಡಿದರು.

ಊಟವಾಯಿತು. ಒಬ್ಬ ತರುಣನ ಕಾಗದ ಮೊದಲೇ ಸಿನಗಾಗಿನಲ್ಲಿತ್ತು. ಅವನು ಚೆನ್ನಾಗಿಯೇ ಓದಿದ. ಆಮೇಲೆ ನನ್ನ ಸರದಿ.

ಕೋಟಿನ ಗುಂಡಿ ಮಾಡುತ್ತಿದ್ದ ಅಮ್ಮನ ಕಥೆ. ಮೊದಲರ್ಧ ಬಾಯಿಗೆ ತಾನಾಗಿ ಬಂತು. ಅಮ್ಮ ಕಾರ್ಖಾನೆಯಿಂದ ಹಿಂತಿರುಗುವ ಕಡೆ ಬಂದಾಗ ನಾಲಿಗೆ ನಿಂತಿತು. ಮುಂದಿನ ವಾಕ್ಯ ಎಲ್ಲಿ ಹೋಯಿತೋ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಸಂಪಾದಕಿ ಮೆಲ್ಲಗೆ ತಲೆ ತಗ್ಗಿಸಿದರು, ನನಗೆ ಮುಜುಗರವಾಗದಿರಲಿ ಎಂದು. ಕುರ್ಚಿಗೆ ಮರಳಲು ಹೆಜ್ಜೆ ಎತ್ತಿದೆ.

"ಗುಂಡಿ ಉದುರಿದ ಕೋಟಿಗೆ ಚಳಿಗಿಂತ, ಹೊಲಿದುಕೊಡುವವರಿಲ್ಲ ಎಂಬುದೇ ಹೆಚ್ಚು ಕೊರೆಯುತ್ತದೆ."

ಆನ್ಶೆಲ್ ಎದ್ದು ನಿಂತಿದ್ದರು. ನನ್ನದೇ ವಾಕ್ಯ, ಒಂದಕ್ಷರ ಆಚೀಚೆ ಇಲ್ಲ. ನಾನು ಬಾಯಿ ತೆರೆಯದಿದ್ದಾಗ ಮುಂದಿನದನ್ನೂ ಹೇಳಿದರು. ಅದರ ಮುಂದಿನದನ್ನೂ. ಅವರ ಕಣ್ಣು ನನ್ನ ಮುಖ ಬಿಡಲಿಲ್ಲ. ನನಗೆ ದಾರಿ ಸಿಕ್ಕಿತು. ಅವರು ಒಂದು ವಾಕ್ಯ, ನಾನೊಂದು. ಕೊನೆಯ ಪುಟ ಬರುವಾಗ ಅವರು ಸುಮ್ಮನೆ ಕುಳಿತರು, ಕೊನೆ ನನ್ನ ಪಾಲಿಗೇ ಇರಲಿ ಎಂದು.

ಮುಗಿಸಿದಾಗ ಹಾಲ್‌ನಲ್ಲಿ ಕುಳಿತಿದ್ದ ನನ್ನ ಗೆಳತಿ ಪೆಸಿ ಎಲ್ಲರಿಗೂ ಕೇಳುವಂತೆ ಅಂದಳು:

"ಅಲ್ಲ ಕಣೇ ಬ್ಲೂಮಾ, ಓದೇ ಇಲ್ಲ ಆ ಮುದುಕ ಅಂತಿದ್ಯಲ್ಲ?"

ನಗು ಸಿಡಿಯಿತು. ನಗುವಿನ ಜೊತೆಗೇ ಚಪ್ಪಾಳೆ. ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಅಲ್ಲಿ ಒಬ್ಬರ ಜೇಬಿನಲ್ಲೂ ಏನೂ ಇಲ್ಲ. ಆನ್ಶೆಲ್ ಹತ್ತಿರ ಬಂದು, ಕುತ್ತಿಗೆಯ ಗಂಟು ಬಿಚ್ಚಿ, ನೀಲಿ ಕರವಸ್ತ್ರ ಚಾಚಿದರು.

ಸಂಪಾದಕಿ ಎದ್ದು ಬಂದರು. "ಇವತ್ತು ಸಬ್ಬತ್ತು, ಬರೆದುಕೊಳ್ಳೋ ಹಾಗಿಲ್ಲ. ಬೇಕಾಗೂ ಇಲ್ಲ. ನಿಮ್ಮ ಕಥೆಯಿಂದಲೇ ಪುಸ್ತಕ ಶುರುವಾಗತ್ತೆ."

ಹೊರಗೆ ಗಾಳಿ ತಣ್ಣಗಾಗಿತ್ತು. ಒಂದು ಮಾತನ್ನಾದರೂ ಏಕೆ ಹೇಳಲಿಲ್ಲ ಎಂದು ಕೇಳಿದೆ.

ಆನ್ಶೆಲ್ ತಮ್ಮ ಬೂಟು ನೋಡಿಕೊಂಡರು. "ಕಥೆ ಬಗ್ಗೆ ಬಾಯಿ ಬಿಟ್ಟಿದ್ರೆ, ಬರೆದವರ ಬಗ್ಗೆನೂ ಹೇಳಿಬಿಡ್ತಿದ್ದೆ. ಧೈರ್ಯ ಇರಲಿಲ್ಲ."

"ಈಗ?"

"ಈಗ ಊರಿಗೆಲ್ಲ ಗೊತ್ತಾಯ್ತಲ್ಲ. ನಿಮಗೊಬ್ಬರಿಗೆ ಹೇಳೋದು ಬಾಕಿ." ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ಕೈಯಲ್ಲಿ ಇನ್ನೂ ಅವರ ಕರವಸ್ತ್ರವಿತ್ತು. ಗೇಟು ದಾಟಿದರೆ ಬೀದಿ. ಕೈಯಲ್ಲಿ ಹಿಡಿದು ಹೋಗುವಂತಿಲ್ಲ. ಹಿಂತಿರುಗಿಸಲೇ ಎಂಬಂತೆ ನೋಡಿದೆ. ಅವರು ಕೈ ಚಾಚಲಿಲ್ಲ.

ಅದನ್ನು ನನ್ನ ಕುತ್ತಿಗೆಗೆ ಕಟ್ಟಿಕೊಂಡೆ. ಮೆಟ್ಟಿಲ ಮೇಲೆ ನಿಂತವರೆಲ್ಲ ನೋಡುತ್ತಿದ್ದಂತೆಯೇ, ತಲೆ ಎತ್ತಿ, ಅವರ ಪಕ್ಕದಲ್ಲಿ ಮನೆಯ ದಾರಿ ಹಿಡಿದೆ.